ಸದ್ದು ಕೀವ್‌ನಲ್ಲಿ, ವಿದ್ಯಾರ್ಥಿಗಳು ಬಾಸ್ಟನ್ನಿನಲ್ಲಿ: ಒಂದು ಯಹೂದಿ ಜನಪದ ಸಂಗೀತ ಸಂಗ್ರಹದ ಪ್ರಕರಣ ಅಧ್ಯಯನ

ಕೀವ್‌ನ ವೆರ್ನಾಡ್‌ಸ್ಕಿ ರಾಷ್ಟ್ರೀಯ ಗ್ರಂಥಾಲಯದಲ್ಲಿ 1,017 ಮೇಣದ ಸಿಲಿಂಡರ್‌ಗಳಿವೆ. ಇಂಥ ಸಿಲಿಂಡರ್ ನೋಡಲು ಚಿಕ್ಕ ಲೋಟದಷ್ಟಿರುತ್ತದೆ: ಸುಮಾರು 11 ಸೆಂಟಿಮೀಟರ್ ಉದ್ದ, ಐದೂವರೆ ಸೆಂಟಿಮೀಟರ್ ಅಡ್ಡಳತೆ. 1912ರಿಂದ 1947ರವರೆಗೆ, ಹೆಚ್ಚಾಗಿ ಉಕ್ರೇನಿನ ಯಹೂದಿ ಊರುಗಳಲ್ಲಿ ಸುತ್ತಿ ಮುದ್ರಿಸಿಕೊಂಡ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಮಾತು) ಹಾಡುಗಳು, ಹಸೀದಿ ಎಂಬ ಯಹೂದಿ ಪಂಥದ ಭಕ್ತರ ಮಾತಿಲ್ಲದ ಧಾಟಿಗಳಾದ ನಿಗುನ್‌ಗಳು, ಮದುವೆಮನೆಯ ಪಿಟೀಲು, ಪೂರಿಮ್ ಹಬ್ಬದ ಆಟದ ಪದಗಳು ಇವುಗಳಲ್ಲಿವೆ. 2005ರಲ್ಲಿ ಯುನೆಸ್ಕೊ ಈ ಸಂಗ್ರಹವನ್ನು ತನ್ನ ‘ವಿಶ್ವದ ನೆನಪು’ ಪಟ್ಟಿಗೆ ಸೇರಿಸಿತು.

ಈ ಸಂಗ್ರಹವನ್ನು ಕಟ್ಟಿ ಬೆಳೆಸಿದ ಮೊಯ್ಸೆ ಬೆರೆಗೊವ್‌ಸ್ಕಿ ಅವರ ಸ್ವರಲಿಪಿಗಳು ಇಂದು ಯುರೋಪ್, ಅಮೆರಿಕದಲ್ಲಿ ಕ್ಲೆಜ್ಮರ್ (ಯಹೂದಿ ಮದುವೆಮನೆಯ ವಾದ್ಯಸಂಗೀತ) ಕಲಿಸುವ ಕಡೆಯಲ್ಲೆಲ್ಲ ಮೇಜಿನ ಮೇಲಿರುತ್ತವೆ. ಆದರೆ ಆ ಲಿಪಿ ಮೊದಲು ಬಂತು, ಸದ್ದು ಹಿಂದಿನಿಂದ ಬಂತು. ಎರಡರ ನಡುವೆ ಒಂದೂವರೆ ದಶಕಕ್ಕೂ ಹೆಚ್ಚು ಅಂತರ. ಸದ್ದು ಇದ್ದ ಕಡೆ ವಿದ್ಯಾರ್ಥಿಗಳಿರಲಿಲ್ಲ, ವಿದ್ಯಾರ್ಥಿಗಳಿದ್ದ ಕಡೆ ಸದ್ದಿರಲಿಲ್ಲ. ಈ ಸಂಗೀತಕ್ಕೆ ವಿಶ್ವವಿದ್ಯಾಲಯದಲ್ಲಿ ಸಿಕ್ಕಿರುವ ಜಾಗದ ಆಕಾರ, ತರಗತಿಯಲ್ಲಿ ಪದೇ ಪದೇ ಕಾಣುವ ತಪ್ಪುಗಳು, ಎರಡೂ ಇಲ್ಲಿಂದಲೇ ಹುಟ್ಟಿದವು.

ಮೊದಲು ಹಿನ್ನೆಲೆ. ಅಮೆರಿಕದ ಉನ್ನತ ಶಿಕ್ಷಣದೊಳಗೆ ಯಹೂದಿ ಸಂಗೀತ ಕಾಲಿಟ್ಟದ್ದು ಪ್ರಾರ್ಥನಾ ಮಂದಿರದ ಬಾಗಿಲಿನಿಂದ. ಹತ್ತು ಸಂಪುಟಗಳ ಧಾಟಿ ಸಂಗ್ರಹ ಹೊರತಂದ ಎ. ಝಡ್. ಈಡೆಲ್‌ಸೋನ್ 1924ರಲ್ಲಿ ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಅದೇ ಸಂಸ್ಥೆ 1948ರಲ್ಲಿ, ಜ್ಯೂಯಿಷ್ ಥಿಯಾಲಜಿಕಲ್ ಸೆಮಿನರಿ 1952ರಲ್ಲಿ ಪ್ರಾರ್ಥನಾ ಗಾಯಕರಿಗಾಗಿ ಶಾಲೆ ತೆರೆದವು. ಅಲ್ಲಿ ಬೇಕಾದದ್ದು ಪ್ರಾರ್ಥನೆಯ ಸಂಗೀತ. ಮದುವೆಯಲ್ಲಿ ನುಡಿಸುವ ಕ್ಲೆಜ್ಮರ್, ಎಂದರೆ ನಮ್ಮ ಓಲಗದವರಂಥವನು, ಆ ಪಠ್ಯಕ್ರಮದಲ್ಲಿ ಎಲ್ಲಿ ಕೂರಬೇಕು? ಇತ್ತ ಸಂಗೀತ ವಿಭಾಗಗಳಲ್ಲಿ ಜನಾಂಗ ಸಂಗೀತಶಾಸ್ತ್ರ ಬೆಳೆಯುತ್ತಿತ್ತು. ಅದರ ಕಣ್ಣಾದರೋ ಜಾವಾ, ಘಾನಾ, ಭಾರತದ ಮೇಲೆ. ವೆಸ್ಲಿಯನ್ ವಿಶ್ವವಿದ್ಯಾಲಯದ ಮಾರ್ಕ್ ಸ್ಲೋಬಿನ್ ಅವರೇ ಮೊದಲು ಕೆಲಸ ಮಾಡಿದ್ದು ಉತ್ತರ ಅಫ್ಘಾನಿಸ್ತಾನದ ಸಂಗೀತದ ಮೇಲೆ. ಬೆರೆಗೊವ್‌ಸ್ಕಿಯನ್ನು ಇಂಗ್ಲಿಷಿಗೆ ತಂದದ್ದು ಆಮೇಲೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮೂರಿಗಷ್ಟೇ ಸೀಮಿತವಲ್ಲ.

ಕೀವ್‌ನ ಕೋಣೆ

ಸಂಗ್ರಹದ ಹಳೆಯ ಪದರ ಬೆರೆಗೊವ್‌ಸ್ಕಿಯವರದ್ದಲ್ಲ. 1908ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯಹೂದಿ ಜನಪದ ಸಂಗೀತ ಸಂಘ ಹುಟ್ಟಿತ್ತು. 1912ರಿಂದ 1914ರವರೆಗೆ ಲೇಖಕ ಎಸ್. ಆನ್‌ಸ್ಕಿ ವೊಲಿನ್, ಪೊಡೋಲಿಯಾ, ಕೀವ್ ಪ್ರಾಂತ್ಯಗಳ ಸಣ್ಣ ಊರುಗಳಿಗೆ ಕ್ಷೇತ್ರಕಾರ್ಯಕ್ಕೆ ಹೋದರು. ಮೊದಲ ಸುತ್ತಿನಲ್ಲಿ ಸಂಗೀತದ ಹೊಣೆ ಯೋಯೆಲ್ ಎಂಗೆಲ್ ಅವರದು, ನಂತರ ಶಾಲಾ ಮಾಸ್ತರ ಜುಸ್ಮನ್ ಕಿಸೆಲ್‌ಗೋಫ್ ಅವರದು. ಅದಕ್ಕೂ ಮುಂಚೆ, 1901ರಲ್ಲಿ, ಗಿನ್ಸ್‌ಬುರ್ಗ್ ಮತ್ತು ಮಾರೆಕ್ ಎಂಬ ಇಬ್ಬರು ಸಂಗ್ರಹಕಾರರು 376 ಯಿಡ್ಡಿಷ್ ಹಾಡುಗಳನ್ನು ಅಚ್ಚು ಹಾಕಿಸಿದ್ದರು. ಅದರಲ್ಲಿ ಇದ್ದದ್ದು ಸಾಹಿತ್ಯ ಮಾತ್ರ, ಒಂದೂ ಧಾಟಿ ಇರಲಿಲ್ಲ. ಫೋನೋಗ್ರಾಫ್ (ಮೇಣದ ಸಿಲಿಂಡರಿನ ಮೇಲೆ ಸದ್ದು ಮುದ್ರಿಸುವ ಯಂತ್ರ) ಹೊತ್ತುಕೊಂಡು ಹೋದದ್ದರ ಬೆಲೆ ಈ ಪುಸ್ತಕ ಪಕ್ಕಕ್ಕಿಟ್ಟುಕೊಂಡರೆ ತಿಳಿಯುತ್ತದೆ.

1892ರಲ್ಲಿ ಹುಟ್ಟಿದ ಬೆರೆಗೊವ್‌ಸ್ಕಿ ಕೀವ್‌ನಲ್ಲೂ ಪೆಟ್ರೋಗ್ರಾಡಿನಲ್ಲೂ (ಪೀಟರ್ಸ್‌ಬರ್ಗಿನ ಆಗಿನ ಹೆಸರು) ಕನ್ಸರ್ವೇಟರಿಯಲ್ಲಿ, ಎಂದರೆ ಸಂಗೀತ ಮಹಾವಿದ್ಯಾಲಯದಲ್ಲಿ, ಕಲಿತವರು. 1929ರಿಂದ ಅವರು ಉಕ್ರೇನ್ ವಿಜ್ಞಾನ ಅಕಾಡೆಮಿಯ ಯಹೂದಿ ಶ್ರಮಿಕ ಸಂಸ್ಕೃತಿ ಸಂಸ್ಥೆಯಲ್ಲಿ ಸಂಗೀತ ಜಾನಪದದ ‘ಕ್ಯಾಬಿನೆಟ್’ ನಡೆಸಿದರು. ಕ್ಯಾಬಿನೆಟ್ ಎಂದರೆ ಅಲ್ಲಿ ಒಂದು ಪುಟ್ಟ ಸಂಶೋಧನಾ ಘಟಕ. ಪೀಟರ್ಸ್‌ಬರ್ಗಿನ ಹಳೆಯ ಸಿಲಿಂಡರ್‌ಗಳೂ 1930ರ ದಶಕದಲ್ಲಿ ಇಲ್ಲಿಗೇ ಬಂದವು. ಸೋವಿಯತ್ ಏರ್ಪಾಟಿನಲ್ಲಿ ಸಂಶೋಧನೆ ಅಕಾಡೆಮಿಯ ಕೆಲಸ, ಪಾಠ ಕನ್ಸರ್ವೇಟರಿ ಮತ್ತು ವಿಶ್ವವಿದ್ಯಾಲಯಗಳ ಕೆಲಸ. ಹಾಗಾಗಿ ಬೆರೆಗೊವ್‌ಸ್ಕಿ ಕೈಯಲ್ಲಿ ಯಂತ್ರವಿತ್ತು, ಸಿಲಿಂಡರ್ ಇತ್ತು, ಪ್ರವಾಸಕ್ಕೆ ಹಣವಿತ್ತು. ವರ್ಷ ವರ್ಷ ಬಂದು ಕಲಿತು ಹೋಗುವ ಹುಡುಗರ ಸಾಲು ಇರಲಿಲ್ಲ. ಯುದ್ಧದ ನಂತರ ಅವರು ಕೀವ್ ಕನ್ಸರ್ವೇಟರಿಯಲ್ಲಿ ಪಾಠ ಮಾಡಿದ್ದು ಸ್ವಲ್ಪ ಕಾಲ ಮಾತ್ರ.

ಸಂಸ್ಥೆಯ ಹೆಸರಿನಲ್ಲೇ ‘ಶ್ರಮಿಕ’ ಇತ್ತಲ್ಲ, ಅದಕ್ಕೆ ಕಂದಾಯ ಕಟ್ಟಲೇಬೇಕಿತ್ತು. ಐದು ಸಂಪುಟಗಳ ಯೋಜನೆಯಲ್ಲಿ 1934ರಲ್ಲಿ ಹೊರಬಂದ ಮೊದಲನೆಯದು ಕಾರ್ಮಿಕ ಮತ್ತು ಕ್ರಾಂತಿಯ ಹಾಡುಗಳಿಗೆ ಪ್ರಾಶಸ್ತ್ಯ ಕೊಟ್ಟಿತು. ಮುನ್ನುಡಿಯಲ್ಲಿ ಈಡೆಲ್‌ಸೋನ್ ಮೇಲೆ, ಪೀಟರ್ಸ್‌ಬರ್ಗಿನವರ ಮೇಲೆ ಹರಿಹಾಯ್ದಿದ್ದಾರೆ. ಆ ಪುಟಗಳನ್ನು ಇಂದು ಓದುವವರು ಕಾಲದ ಒತ್ತಡವನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ಆದರೆ ಅದೇ ವ್ಯಕ್ತಿ ಮಾಡಿದ ಕ್ಷೇತ್ರಕಾರ್ಯ ಆ ಘೋಷಣೆಗಳಿಗಿಂತ ಬಹಳ ಅಗಲ. ಸಾಹಿತ್ಯ ಮತ್ತು ಧಾಟಿ ಒಟ್ಟಿಗೇ ದಾಖಲಾಗಬೇಕು, ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭದ ಹಾಡು ಎಂಬುದು ಜೊತೆಗಿರಬೇಕು, ಪಾಠಾಂತರಗಳನ್ನು ಒಂದಾಗಿಸಬಾರದು. ಈ ನಿಯಮಗಳನ್ನು ಅವರು ಹಟ ಹಿಡಿದು ಪಾಲಿಸಿದರು. 1935ರಲ್ಲೇ ಯಹೂದಿ ಮತ್ತು ಉಕ್ರೇನಿ ಜನಪದ ಸಂಗೀತದ ಕೊಡುಕೊಳ್ಳುವಿಕೆಯ ಬಗ್ಗೆ ಬರೆದರು. ಯಾವುದು ಶುದ್ಧ ಯಹೂದಿ ಎಂದು ಹುಡುಕುವ ಪೀಟರ್ಸ್‌ಬರ್ಗಿನ ಚಟ ಅವರಿಗಿರಲಿಲ್ಲ.

1937ರಲ್ಲಿ ಅವರು ಕ್ಲೆಜ್ಮರ್ ವಾದಕರಿಗಾಗಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ತಂಡದಲ್ಲಿ ಎಷ್ಟು ಜನ, ಯಾರು ಯಾರಿಂದ ಕಲಿತರು, ಸಂಪಾದನೆ ಹೇಗೆ ಹಂಚಿಕೊಳ್ಳುತ್ತಿದ್ದರು, ಮದುವೆಯ ಯಾವ ಶಾಸ್ತ್ರಕ್ಕೆ ಏನು ನುಡಿಸುತ್ತಿದ್ದರು, ಇಂಥ ಪ್ರಶ್ನೆಗಳು. 1944ರಲ್ಲಿ ಮಾಸ್ಕೋ ಕನ್ಸರ್ವೇಟರಿಯಲ್ಲಿ ವಾದ್ಯಸಂಗೀತದ ಮೇಲಿನ ಪ್ರಬಂಧಕ್ಕೆ ಪದವಿ ಸಿಕ್ಕಿತು. ಯಹೂದಿ ಮದುವೆ ಸಂಗೀತ ಉನ್ನತ ಶಿಕ್ಷಣದ ವಿಷಯವಾಗಿ ಒಪ್ಪಿತವಾದ ಮಹತ್ವದ ಗಳಿಗೆ ಅದು. ಆ ಸಂಗೀತ ನುಡಿಸುತ್ತಿದ್ದ ಊರುಗಳು ಬಹುಮಟ್ಟಿಗೆ ನಾಶವಾಗಿದ್ದ ಹೊತ್ತು ಕೂಡ ಅದೇ.

ನಂತರದ್ದು ಬೇಗ ಹೇಳಿ ಮುಗಿಸಬಹುದು. 1949ರಲ್ಲಿ ಕ್ಯಾಬಿನೆಟ್ ಮುಚ್ಚಿಸಿದರು. 1950ರಲ್ಲಿ ಬೆರೆಗೊವ್‌ಸ್ಕಿಯ ಬಂಧನ, ಹತ್ತು ವರ್ಷದ ಶಿಕ್ಷೆ, ಸೈಬೀರಿಯಾದ ತೈಶೆತ್ ಶಿಬಿರ. 1955ರಲ್ಲಿ ಬಿಡುಗಡೆ, 1956ರಲ್ಲಿ ದೋಷಮುಕ್ತಿ, 1961ರಲ್ಲಿ ಕೀವ್‌ನಲ್ಲಿ ಸಾವು. ಕೈಬರಹದ ಒಂದು ಭಾಗ ಹೆಂಡತಿಯ ಮೂಲಕ ಪೀಟರ್ಸ್‌ಬರ್ಗಿಗೆ, ಎಂದರೆ ಆಗಿನ ಲೆನಿನ್‌ಗ್ರಾಡಿಗೆ ಹೋಯಿತು. ಸಿಲಿಂಡರ್‌ಗಳು ಕೀವ್‌ನಲ್ಲೇ ಉಳಿದವು. ಹೊರಗಿನ ಸಂಶೋಧಕರು ಅವು ಕಳೆದೇಹೋದವು ಎಂದುಕೊಂಡರು. ಸುಳಿವು ಸಿಕ್ಕಿದ್ದು 1990ರ ದಶಕದಲ್ಲಿ.

ಬಾಸ್ಟನ್ನಿನ ತರಗತಿ

ಈಗ ಅಟ್ಲಾಂಟಿಕ್ ದಾಟೋಣ. 1980ರಲ್ಲಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಹ್ಯಾಂಕಸ್ ನೆಟ್‌ಸ್ಕಿ ಒಂದು ಕಾರ್ಯಕ್ರಮಕ್ಕೆಂದು ವಿದ್ಯಾರ್ಥಿಗಳ ತಂಡ ಕಟ್ಟಿದರು. ಅದೇ ಕ್ಲೆಜ್ಮರ್ ಕನ್ಸರ್ವೇಟರಿ ಬ್ಯಾಂಡ್ ಆಗಿ ಬೆಳೆಯಿತು. ಇದು ಚಿಗುರಿದ್ದು ಶಾಸ್ತ್ರೀಯ ವಿಭಾಗದಲ್ಲೂ ಅಲ್ಲ, ಯಹೂದಿ ಅಧ್ಯಯನ ವಿಭಾಗದಲ್ಲೂ ಅಲ್ಲ; ಗಂಥರ್ ಶುಲ್ಲರ್ ಕಲ್ಪನೆಯಿಂದ ಹುಟ್ಟಿ ರ‍್ಯಾನ್ ಬ್ಲೇಕ್ ನಡೆಸುತ್ತಿದ್ದ ‘ಥರ್ಡ್ ಸ್ಟ್ರೀಮ್’ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಜಾಝನ್ನೂ ಬೆರೆಸುವ) ವಿಭಾಗದ ಆಸುಪಾಸಿನಲ್ಲಿ. ಅಲ್ಲಿ ಕಿವಿಗೆ ಮೊದಲ ಸ್ಥಾನ, ಕಾಗದಕ್ಕೆ ಎರಡನೆಯದು. ಆ ಗುಣವೇ ಕ್ಲೆಜ್ಮರಿಗೆ ನೀರೆರೆಯಿತು.

ಕಿವಿಗೆ ಸಿಕ್ಕಿದ್ದು ಮಾತ್ರ ಕೀವ್‌ನ ಸದ್ದಲ್ಲ. 1910, 20ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ವಲಸಿಗರು ಮುದ್ರಿಸಿದ, ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳು. ನಾಫ್ತುಲೆ ಬ್ರಾಂಡ್‌ವೈನ್, ಡೇವ್ ತಾರಾಸ್ ಅವರಂಥ ಕ್ಲಾರಿನೆಟ್ ದಿಗ್ಗಜರು. 1925ಕ್ಕೆ ಮುಂಚೆ ಧ್ವನಿಮುದ್ರಣಕ್ಕೆ ಮೈಕ್ರೋಫೋನ್ ಬಳಕೆಯಲ್ಲಿರಲಿಲ್ಲ. ಎಲ್ಲರೂ ಒಂದು ಕಹಳೆಯೊಳಗೆ ನುಡಿಸಬೇಕು. ತಂತಿಯ ಬಾಸ್ ಕೇಳಿಸುವುದಿಲ್ಲ, ಹಾಗಾಗಿ ಟ್ಯೂಬಾ. ದೊಡ್ಡ ಡೋಲು ಬಾರಿಸಿದರೆ ಸೂಜಿ ಹಾರುತ್ತದೆ, ಹಾಗಾಗಿ ಮರದ ತುಂಡಿನ ಟಕಟಕ. ಪಿಟೀಲು ಹಿಂದೆ ಸರಿದು ಹಿತ್ತಾಳೆ ವಾದ್ಯ, ಕ್ಲಾರಿನೆಟ್ ಮುಂದೆ ಬಂದದ್ದರಲ್ಲಿ ವಲಸಿಗರ ರುಚಿಯ ಪಾಲೆಷ್ಟೋ ಕಹಳೆಯ ಪಾಲೂ ಅಷ್ಟೇ ಇದೆ. ಮೂರು ನಿಮಿಷಕ್ಕೆ ತಟ್ಟೆ ಮುಗಿಯುತ್ತದೆ, ಅಷ್ಟರಲ್ಲಿ ಎಲ್ಲ ಆಗಬೇಕು.

1982ರಲ್ಲಿ ಸ್ಲೋಬಿನ್ ಅವರ ಅನುವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಬಂತು. 1987ರಲ್ಲಿ ವಾದ್ಯಸಂಗೀತದ ಸಂಪುಟ ಮಾಸ್ಕೋದಲ್ಲಿ ರಷ್ಯನ್ನಿನಲ್ಲಿ ಅಚ್ಚಾಯಿತು, 2001ರಲ್ಲಿ ಇಂಗ್ಲಿಷಿಗೂ ಬಂತು. ಸುಮಾರು ಇನ್ನೂರೈವತ್ತು ಧಾಟಿಗಳು, ಊರು ಹೆಸರು ಸಹಿತ. ತರಗತಿಗಳಿಗೆ ಹಬ್ಬವಾಯಿತು. ಶೈಲಿ ನ್ಯೂಯಾರ್ಕಿನ ತಟ್ಟೆಯಿಂದ, ಧಾಟಿ ಉಕ್ರೇನಿನ ಪುಸ್ತಕದಿಂದ ಎಂಬ ಕಸಿ ಶುರುವಾದದ್ದು ಹೀಗೆ. ಪಿಟೀಲಿಗೆ ಒಪ್ಪುವ ನಿಧಾನದ ಧಾಟಿಗೆ ಕ್ಲಾರಿನೆಟ್ಟಿನ ಕುಲುಕು, ಟ್ಯೂಬಾದ ‘ಊಂ-ಪಾ’. ಕೇಳಲು ಕೆಟ್ಟದ್ದೇನಲ್ಲ. ಆದರೆ ಅದನ್ನು ‘ಬೆರೆಗೊವ್‌ಸ್ಕಿ ಸಂಗ್ರಹದ ಪ್ರಕಾರ’ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಹಾಕಿದರೆ ಸುಳ್ಳಾಗುತ್ತದೆ.

ಒಂದು ಪುಟ, ಹತ್ತಿರದಿಂದ

ಬೆರೆಗೊವ್‌ಸ್ಕಿಯ ವಾದ್ಯ ಸಂಪುಟದ ಪುಟ ತೆರೆದರೆ ಬಹುಪಾಲು ಕಾಣುವುದು ಒಂದೇ ಸಾಲು: ಮೊದಲ ಪಿಟೀಲಿನ ಧಾಟಿ. ಹಳ್ಳಿಯ ತಂಡದಲ್ಲಿ ಇನ್ನೊಂದು ಪಿಟೀಲು ಲಯ ಕೊಡುತ್ತ ಜೊತೆಗಿರುತ್ತಿತ್ತು, ಕೋಲಿನಿಂದ ಬಾರಿಸುವ ತ್ಸಿಂಬಲ್ ಇರುತ್ತಿತ್ತು (ನಮ್ಮ ಸಂತೂರಿನ ದಾಯಾದಿ), ಚೆಲ್ಲೊ ಅಥವಾ ಬಾಸ್, ಕೆಲವೆಡೆ ಕ್ಲಾರಿನೆಟ್ಟು, ಡೋಲು. ಅವು ಪುಟದಲ್ಲಿಲ್ಲ. ನುಡಿಸುವಾಗ ಇರಲಿಲ್ಲ ಎಂದಲ್ಲ, ಬರೆದಿಲ್ಲ ಅಷ್ಟೆ.

‘ಫ್ರೈಗಿಶ್’ ಎಂಬ ಸ್ವರಶ್ರೇಣಿಯ ಒಂದು ಧಾಟಿ ತೆಗೆದುಕೊಳ್ಳಿ. ಷಡ್ಜ ಡಿ. ಸ್ವರಗಳು ಡಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್, ಸಿ (ಫ್ಲ್ಯಾಟ್ ಎಂದರೆ ಅರ್ಧ ಸ್ವರ ಇಳಿಸಿದ್ದು, ಶಾರ್ಪ್ ಎಂದರೆ ಏರಿಸಿದ್ದು). ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಕೂಡಲೇ ಗುರುತು ಸಿಗುತ್ತದೆ: 14ನೇ ಮೇಳ ವಕುಳಾಭರಣದ ಸ್ವರಗಳು. ಪೂರ್ವಾಂಗ ಮಾಯಾಮಾಳವಗೌಳದ್ದೇ, ನಿಷಾದ ಮಾತ್ರ ಕೈಶಿಕಿ. ಪಾಶ್ಚಾತ್ಯ ಲಿಪಿಯಲ್ಲಿ ಇದನ್ನು ಬರೆಯುವಾಗ ಸಾಲಿನ ಮೊದಲಿಗೆ ಎರಡು ಫ್ಲ್ಯಾಟ್ ಹಾಕಿ, ಎಫ್ ಬಂದಾಗಲೆಲ್ಲ ಶಾರ್ಪ್ ಚಿಹ್ನೆ ಹಾಕುವುದು ವಾಡಿಕೆ. ಎರಡು ಫ್ಲ್ಯಾಟ್ ಕಂಡ ಕೂಡಲೇ ಹಾರ್ಮನಿ ಓದಿದ ಹುಡುಗ ‘ಜಿ ಮೈನರ್’ ಎಂದುಕೊಳ್ಳುತ್ತಾನೆ. ಎಫ್ ಶಾರ್ಪ್ ಕಂಡು ಅನುಮಾನ ನಿಶ್ಚಯವಾಗುತ್ತದೆ. ಡಿ ಮೇಲೆ ನಿಂತ ಧಾಟಿ ಅವನಿಗೆ ಅರ್ಧಕ್ಕೆ ನಿಂತಂತೆ ತೋರಿ, ಕೊನೆಯಲ್ಲಿ ಜಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ‘ಮನೆಗೆ’ ಕರೆತರುತ್ತಾನೆ. ಷಡ್ಜವೇ ಬದಲಾಯಿತು! ಕೈಗೆ ತಂಬೂರಿ ಕೊಟ್ಟು ಡಿ ಹಿಡಿಸಿದರೆ ಐದು ನಿಮಿಷದಲ್ಲಿ ಸರಿಹೋಗುವ ತಪ್ಪು ಇದು. ಕಪ್ಪುಹಲಗೆಯ ಮೇಲೆ ವಿವರಿಸುತ್ತ ಹೋದರೆ ಒಂದು ಸೆಮಿಸ್ಟರ್ ಸಾಲದು. ಜೊತೆಗೆ ನುಡಿಸುವವರಿಗೆ ಡಿ ಮೇಜರ್ ನೆಲೆ, ಜಿ ಮೈನರ್ ಮತ್ತು ಸಿ ಮೈನರ್ ಹೊರಳುದಾರಿ ಎಂದು ಹೇಳಿ, ಎ ಸೆವೆಂತ್ ಕಾರ್ಡನ್ನು ಮೊದಲ ಕೆಲವು ವಾರ ನಿಷೇಧಿಸುವುದು ಒಳ್ಳೆಯದು.

ಮೇಳದ ಹೆಸರು ಹೇಳಿದ ಮಾತ್ರಕ್ಕೆ ರಾಗ ಬಂದುಬಿಡುವುದಿಲ್ಲ ಎಂಬುದು ಇಲ್ಲೂ ನಿಜ. ಫ್ರೈಗಿಶ್‌ನಲ್ಲಿ ಷಡ್ಜದ ಕೆಳಗಿಳಿದಾಗ ಧೈವತ ಹಲವು ಬಾರಿ ಏರುತ್ತದೆ: ಮೇಲೆ ಬಿ ಫ್ಲ್ಯಾಟ್, ಕೆಳಗೆ ಬಿ. ಬರೀ ಸ್ವರಪಟ್ಟಿ ಬಾಯಿಪಾಠ ಮಾಡಿದವರು ಕೆಳಗೂ ಫ್ಲ್ಯಾಟ್ ನುಡಿಸಿ, ಮೂಲದಲ್ಲಿರುವ ಬಿ ಸ್ವರವನ್ನು ಅಚ್ಚಿನ ತಪ್ಪು ಎಂದು ‘ತಿದ್ದುತ್ತಾರೆ’. ಇನ್ನೊಂದು ಮುಖ್ಯ ಸ್ವರಶ್ರೇಣಿಗೆ ಬೆರೆಗೊವ್‌ಸ್ಕಿ ಇಟ್ಟ ಹೆಸರು ‘ಬದಲಾದ ಡೋರಿಯನ್’. ನಮ್ಮ ಲೆಕ್ಕದಲ್ಲಿ 58ನೇ ಮೇಳ ಹೇಮವತಿ. ಅದು ಉಕ್ರೇನಿನ ವೀರಗಾಥೆಗಳಾದ ದೂಮಾ ಗಾಯನದಲ್ಲೂ ಇದೆ, ಯಹೂದಿ ವಾದ್ಯಸಂಗೀತದಲ್ಲೂ ಇದೆ, ಆದರೆ ಕಾರ್ಮಿಕರ ಹೋರಾಟದ ಹಾಡುಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಅವರು 1940ರ ದಶಕದಲ್ಲೇ ಗುರುತಿಸಿದ್ದರು. ಅಳಲು ತೋಡಿಕೊಳ್ಳುವ ಜಾಗಕ್ಕೆ ಆ ಸ್ವರಶ್ರೇಣಿ ಬರುತ್ತದೆ ಎಂಬುದು ಅವರ ವಾದ. ಒಂದು ಸ್ವರಶ್ರೇಣಿ ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂದು ಎಣಿಸಿ ನೋಡುವ ಈ ವಿಧಾನವನ್ನು ಇಂದಿನ ಎಂ.ಎ. ವಿದ್ಯಾರ್ಥಿ ಹಾಗೇ ಎತ್ತಿಕೊಳ್ಳಬಹುದು.

ಲಿಪಿ ಹಿಡಿಯಲಾರದ್ದು ಅಲಂಕಾರ. ‘ಕ್ರೆಖ್ಟ್ಸ್’ ಎಂಬುದು ಸ್ವರದ ತುದಿಯ ಬಿಕ್ಕು: ಮೇಲಿನ ಬೆರಳು ತಂತಿಯನ್ನು ಒತ್ತದೆ ಸೋಕುತ್ತದೆ, ಅದೇ ಕ್ಷಣ ಕಮಾನು ನಿಲ್ಲುತ್ತದೆ. ಎರಡೂ ಒಟ್ಟಿಗೆ ಆಗಬೇಕು. ಬೆರಳು ಗಟ್ಟಿಯಾಗಿ ಬಿದ್ದರೆ ಅದು ಸಾಮಾನ್ಯ ಟ್ರಿಲ್ ಆಗುತ್ತದೆ, ಕಮಾನು ನಿಲ್ಲದಿದ್ದರೆ ಜಾರು ಆಗುತ್ತದೆ. ಪುಟದ ಮೇಲೆ ಇದು ಒಂದು ಪುಟಾಣಿ ಸ್ವರ, ಅಷ್ಟೇ. ಸಿಲಿಂಡರ್ ಕೇಳದವರು ಇದನ್ನು ಪ್ರತಿ ಸ್ವರಕ್ಕೂ ಹಚ್ಚುತ್ತಾರೆ. ಉಪ್ಪು ಎಂದು ಗೊತ್ತಾದ ಮೇಲೆ ಎಲ್ಲದಕ್ಕೂ ಉಪ್ಪು.

ವೇಗವೂ ಹಾಗೇ ಕೆಡುತ್ತದೆ. ಫ್ರೈಲೆಖ್ಸ್ ಸುತ್ತು ಕಟ್ಟಿ ಕುಣಿಯುವ ನೃತ್ಯ, ಅಜ್ಜಿಯೂ ಅದರಲ್ಲಿರುತ್ತಾಳೆ. ಶೇರ್ ನಾಲ್ಕು ಜೋಡಿಗಳು ಚೌಕವಾಗಿ ನಿಂತು ಮಾಡುವ ನೃತ್ಯ. ಜೋಡಿ ದಾಟಿ ಹೋಗಲು ಇಂತಿಷ್ಟು ಹೆಜ್ಜೆ ಬೇಕು. ಖೋಸಿಡ್ಲ್ ಇನ್ನೂ ನಿಧಾನ. ವೇದಿಕೆ ಹತ್ತಿದ ವಿದ್ಯಾರ್ಥಿ ತಂಡ ಎಲ್ಲವನ್ನೂ ಓಡಿಸುತ್ತದೆ, ಚಪ್ಪಾಳೆಯೂ ಬೀಳುತ್ತದೆ. ತಂಡದ ಅರ್ಧ ಜನರನ್ನು ಕುಣಿಯಲು ಇಳಿಸಿ ಉಳಿದರ್ಧ ನುಡಿಸಿದರೆ ಮೂರನೇ ಸುತ್ತಿಗೆ ವೇಗ ತಾನಾಗಿ ಇಳಿಯುತ್ತದೆ. ಇನ್ನು ವಧುವನ್ನು ಕೂರಿಸುವ ಶಾಸ್ತ್ರದ ಸಂಗೀತ, ಬೀಗರನ್ನು ಎದುರುಗೊಳ್ಳುವ ದೊಬ್ರಿದೆನ್, ರಾತ್ರಿ ಬೀಳ್ಕೊಡುವ ದೊಬ್ರಾನೊಚ್, ಬೀದಿಯಲ್ಲಿ ನುಡಿಸುವ ಗಾಸ್-ನಿಗುನ್, ಇವು ಕುಣಿಯಲಿಕ್ಕಲ್ಲವೇ ಅಲ್ಲ. ವಾಲ್ಟರ್ ಝೇವ್ ಫೆಲ್ಡ್‌ಮನ್ ಎಂಬ ಸಂಶೋಧಕರು ಕ್ಲೆಜ್ಮರ್ ಧಾಟಿಗಳನ್ನೆಲ್ಲ ಮೂಲ, ನಡುವಣ, ನೆರೆಹೊರೆಯ ಮತ್ತು ನಗರದ ಫ್ಯಾಷನ್ನಿನ ಧಾಟಿಗಳೆಂದು ನಾಲ್ಕು ಪಂಗಡ ಮಾಡಿದ್ದು ತರಗತಿಗೆ ಬಹಳ ಉಪಕಾರಿ. ಒಂದೇ ಮದುವೆಯಲ್ಲಿ ನಗರದ ಫ್ಯಾಷನ್ನಿನ ನೃತ್ಯವಾದ ಕ್ವಾಡ್ರಿಲ್ ಕೂಡ ಇತ್ತು ಎಂಬುದನ್ನು ಅದು ಮರೆಯಲು ಬಿಡುವುದಿಲ್ಲ.

ಸಿಲಿಂಡರಿನ ಲೆಕ್ಕ

ಸದ್ದು ವಾಪಸ್ಸು ಬಂದ ಮೇಲಾದರೂ ಎಲ್ಲ ಸರಿಹೋಗಬೇಕಿತ್ತಲ್ಲ? ಅಲ್ಲೂ ಒಂದು ತೊಡಕು. ಮೇಣದ ಸಿಲಿಂಡರನ್ನು ಹಳೆಯ ಯಂತ್ರದಲ್ಲಿ ಪ್ರತಿ ಸಲ ನುಡಿಸಿದಾಗಲೂ ಸೂಜಿ ಗೆರೆಯನ್ನು ಸ್ವಲ್ಪ ಕೆರೆಯುತ್ತದೆ. ಬೂಷ್ಟು ಮೇಣವನ್ನೇ ತಿನ್ನುತ್ತದೆ. ಚಳಿಯಿಂದ ಬೆಚ್ಚನೆಯ ಕೋಣೆಗೆ ಒಮ್ಮೆಲೇ ತಂದರೆ ಬಿರುಕು. ಅದಕ್ಕಾಗಿ ಕೀವ್‌ನ ಮಾಹಿತಿ ಮುದ್ರಣ ಸಮಸ್ಯೆಗಳ ಸಂಸ್ಥೆಯವರು ಮುಟ್ಟದೆ ಬೆಳಕಿನಿಂದ ಗೆರೆ ಓದುವ ವಿಧಾನ ರೂಪಿಸಿದರು. ಡಿಸ್ಕ್‌ಗಳಾಗಿ ಧ್ವನಿ ಹೊರಬರತೊಡಗಿದ್ದು ಹಾಗೆ.

ಆದರೆ ಯಾವ ವೇಗದಲ್ಲಿ ಓದಬೇಕು? ಕಾರ್ಖಾನೆಯ ಮಾನಕ ನಿಮಿಷಕ್ಕೆ 160 ಸುತ್ತು. ಆ ವೇಗದಲ್ಲಿ ಸಾಮಾನ್ಯ ಸಿಲಿಂಡರಿನಲ್ಲಿ ಹಿಡಿಸುವುದು ಎರಡು ಎರಡೂವರೆ ನಿಮಿಷ. ಹಾಡು ಅದಕ್ಕಿಂತ ಉದ್ದವಿದ್ದರೆ ಕ್ಷೇತ್ರಕಾರ್ಯದಲ್ಲಿರುವವರು ಯಂತ್ರವನ್ನು ನಿಧಾನಿಸುತ್ತಾರೆ, ಸ್ಪ್ರಿಂಗ್ ಸಡಿಲವಾದರೆ ಅದು ತಾನೇ ನಿಧಾನಿಸುತ್ತದೆ. 150 ಸುತ್ತಿನಲ್ಲಿ ಮುದ್ರಿಸಿದ್ದನ್ನು 160ರಲ್ಲಿ ಓದಿದರೆ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಹೆಚ್ಚು ಏರುತ್ತದೆ, ಲಯವೂ ನೂರಕ್ಕೆ ಏಳರಷ್ಟು ಚುರುಕಾಗುತ್ತದೆ. 144ರಲ್ಲಿ ಮುದ್ರಿಸಿದ್ದಾದರೆ ಹತ್ತಿರ ಹತ್ತಿರ ಒಂದು ಪೂರ್ತಿ ಸ್ವರ. ಮುದ್ರಣದ ಮೊದಲಿಗೆ ಶ್ರುತಿ ಕೊಳವೆ ಊದಿಸುವ ಪದ್ಧತಿ ಬರ್ಲಿನ್ನಿನ ಧ್ವನಿ ಸಂಗ್ರಹಾಲಯದಲ್ಲಿತ್ತು. ಅಂಥ ಗುರುತು ಇಲ್ಲದ ಕಡೆ ಊಹೆಯೇ ಗತಿ. ಪಿಟೀಲಾದರೆ ಒಂದು ದಾರಿ ಇದೆ: ಬಿಟ್ಟ ತಂತಿಯ ಸ್ವರ ಗಂಟೆಯ ಹಾಗೆ ತೆರೆದು ಕೇಳಿಸುತ್ತದೆ. ಯಾವ ಸ್ವರಗಳು ಹಾಗೆ ಕೇಳುತ್ತವೆ ನೋಡಿ, ಅವು ಜಿ, ಡಿ, ಎ, ಇ ಆಗುವಂತೆ ವೇಗ ಹೊಂದಿಸಬೇಕು. ಹಳ್ಳಿಯ ಪಿಟೀಲು ಇಂದಿನ 440 ಹರ್ಟ್ಸ್ ಮಾನಕಕ್ಕೆ ಶ್ರುತಿ ಮಾಡಿದ್ದಲ್ಲ, ಆದ್ದರಿಂದ ಅರ್ಧ ಸ್ವರದ ಅನುಮಾನ ಉಳಿದೇ ಉಳಿಯುತ್ತದೆ. ಹಾಡಿಗೆ ಈ ಸೌಕರ್ಯವೂ ಇಲ್ಲ. ‘ಉಕ್ರೇನಿನ ಗಾಯಕಿಯರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು’ ಎಂದು ಪ್ರಬಂಧದಲ್ಲಿ ಬರೆಯುವ ಮುಂಚೆ ಈ ಲೆಕ್ಕ ಮಾಡಿ ನೋಡಬೇಕು.

ತರಗತಿಯಲ್ಲಿ ಕೆಲಸ ಮಾಡುವ ಕ್ರಮ ಇದು: 30 ಸೆಕೆಂಡಿನ ತುಣುಕು, ಮೊದಲು ಪೂರ್ಣ ವೇಗದಲ್ಲಿ ಮೂರು ಸಲ, ಬರೆಯದೆ. ಆಮೇಲೆ ಷಡ್ಜ ಮತ್ತು ವಾಕ್ಯ ನಿಲ್ಲುವ ಜಾಗ ಗುರುತು. ಆಮೇಲೆ ಅರ್ಧ ವೇಗದಲ್ಲಿ ಎಲುಬುಗೂಡು ಮಾತ್ರ. ಅಲಂಕಾರ ಕೊನೆಗೆ, ಬೇರೆ ಬಣ್ಣದಲ್ಲಿ. ಇಷ್ಟಾದ ನಂತರವೇ ಬೆರೆಗೊವ್‌ಸ್ಕಿಯ ಮುದ್ರಿತ ಲಿಪಿ ತೆರೆಯುವುದು. ಮೊದಲೇ ತೆರೆದರೆ ಕಿವಿ ಕಣ್ಣು ಹೇಳಿದಂತೆ ಕೇಳುತ್ತದೆ. ಹೊಸಬರಿಗೆ ಒಂದು ನಿಮಿಷದ ಸಂಗೀತಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಇದನ್ನು ಪಠ್ಯಕ್ರಮದಲ್ಲಿ ಗಂಟೆಯಾಗಿ ಎಣಿಸದ ವಿಭಾಗಗಳಲ್ಲಿ ಹುಡುಗರು ಪುಸ್ತಕ ನೋಡಿ ನಕಲು ಮಾಡುತ್ತಾರೆ. ಅದು ಅವರ ತಪ್ಪಲ್ಲ.

ಸಾಹಿತ್ಯವೂ ಧಾಟಿಯೂ ಬೇರೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಕ್ಯಾಬಿನೆಟ್ಟಿನ ಇನ್ನೊಂದು ಕಟ್ಟು ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಗೆಟ್ಟೊಗಳಲ್ಲಿ (ಯಹೂದಿಗಳನ್ನು ಕೂಡಿಹಾಕಿದ ಕೇರಿಗಳು), ಸೇನೆಯಲ್ಲಿ, ನಿರಾಶ್ರಿತರ ನಡುವೆ ಹುಟ್ಟಿದ ಯಿಡ್ಡಿಷ್ ಹಾಡುಗಳನ್ನು ಬೆರೆಗೊವ್‌ಸ್ಕಿ ಮತ್ತು ಸಂಗಡಿಗರು ಬರೆದುಕೊಂಡಿದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಅನ್ನಾ ಶ್ಟೆರ್ನ್‌ಶಿಸ್ ಅದರ ಮೇಲೆ ಕೆಲಸ ಮಾಡಿದಾಗ ಹೆಚ್ಚಿನವಕ್ಕೆ ಪದಗಳಿದ್ದವು, ಧಾಟಿ ಇರಲಿಲ್ಲ. ಗಾಯಕ ಪ್ಸೊಯ್ ಕೊರೊಲೆಂಕೊ ಆ ಕಾಲದ ಜನಪ್ರಿಯ ಮಟ್ಟುಗಳನ್ನು ಹೊಂದಿಸಿ ಹಾಡಿದರು. 2018ರ ಆ ಧ್ವನಿಮುದ್ರಿಕೆ ಗ್ರ್ಯಾಮಿ ನಾಮನಿರ್ದೇಶನದವರೆಗೂ ಹೋಯಿತು. ಇತಿಹಾಸ ವಿಭಾಗಕ್ಕೆ ಅದು ಅಮೂಲ್ಯ ಆಕರ. ಸಂಗೀತ ವಿಭಾಗ ಮಾತ್ರ ಅದನ್ನು 1940ರ ದಶಕದ ಧಾಟಿಯ ದಾಖಲೆ ಎಂದು ಬಳಸುವಂತಿಲ್ಲ.

ಖಾಬ್ನೊ ಊರಿನ ಪಿಟೀಲುಗಾರ

1937ರ ಪ್ರಶ್ನಾವಳಿಗೆ ಉತ್ತರ ಬರೆದವರಲ್ಲಿ ಕೀವ್ ಪ್ರಾಂತ್ಯದ ಖಾಬ್ನೊ ಊರಿನ ಅವ್ರೊಮ್-ಯೆಹೋಶುವ ಮಕೊನೊವೆತ್ಸ್ಕಿ ಒಬ್ಬರು. ಮದುವೆ ಮನೆಗಳಲ್ಲಿ ಮೊದಲ ಪಿಟೀಲು ನುಡಿಸಿದ ವೃತ್ತಿವಾದಕ. ತಮ್ಮ ಕೈಬರಹದ ಧಾಟಿ ಪುಸ್ತಕವನ್ನೂ ಕ್ಯಾಬಿನೆಟ್ಟಿಗೆ ಕೊಟ್ಟರು. ಆ ಊರು ಮುಂದೆ ಪೊಲಿಸ್ಕೆ ಎಂದು ಹೆಸರು ಬದಲಿಸಿಕೊಂಡಿತು. ಚೆರ್ನೋಬಿಲ್ ದುರಂತದ ನಂತರ ಜನರನ್ನು ತೆರವುಗೊಳಿಸಿದ ಊರುಗಳಲ್ಲಿ ಅದೂ ಸೇರಿತು.

ಮಕೊನೊವೆತ್ಸ್ಕಿ ಮತ್ತು ಕಿಸೆಲ್‌ಗೋಫ್ ಹಸ್ತಪ್ರತಿಗಳ ಛಾಯಾಚಿತ್ರಗಳು ಕ್ಲೆಜ್ಮರ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಗೆ ಸಿಕ್ಕ ಮೇಲೆ, 2020ರ ಕೊನೆಯಿಂದ, ಸಾವಿರಕ್ಕೂ ಹೆಚ್ಚು ಧಾಟಿಗಳನ್ನು ಡಿಜಿಟಲ್ ಲಿಪಿಗೆ ತರುವ ಕೆಲಸ ಅಂತರ್ಜಾಲದಲ್ಲಿ ಶುರುವಾಯಿತು. ಮಾಡುತ್ತಿರುವವರು ಹಲವು ದೇಶಗಳ ಸ್ವಯಂಸೇವಕರು, ಬಹಳ ಮಂದಿ ವಾದಕರು. ವಿಶ್ವವಿದ್ಯಾಲಯದ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಜಾಗ ಇದು. ನಮ್ಮ ಎಣಿಕೆಯಲ್ಲಿ ಈ ಕ್ಷೇತ್ರದ ಗಟ್ಟಿ ಕೆಲಸ ಈಗ ಇಲ್ಲೇ ನಡೆಯುತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ಈ ಸಂಗೀತದ ಕೋರ್ಸ್ ಸಾಮಾನ್ಯವಾಗಿ ಒಬ್ಬ ಅಧ್ಯಾಪಕರ ಹೆಗಲ ಮೇಲಿರುತ್ತದೆ, ಅವರು ನಿವೃತ್ತರಾದರೆ ಕೋರ್ಸೂ ನಿವೃತ್ತಿ. 1964ರಲ್ಲಿ ಶುರುವಾದ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯಹೂದಿ ಸಂಗೀತ ಸಂಶೋಧನಾ ಕೇಂದ್ರದಂತೆ ಬೇರುಬಿಟ್ಟ ಸಂಸ್ಥೆಗಳು ಕಡಿಮೆ.

ಹಸ್ತಪ್ರತಿ ನಕಲಿಸುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ: ತಿದ್ದುವ ಆಸೆ. ವೃತ್ತಿ ಪಿಟೀಲುಗಾರ ತನಗಾಗಿ ಬರೆದುಕೊಂಡ ಪುಸ್ತಕದಲ್ಲಿ ಎರಡು ಮಾತ್ರೆಯ ತಾಳಖಂಡಕ್ಕೆ ಒಂದೂವರೆ ಮಾತ್ರೆಯ ಸ್ವರಗಳಿರುತ್ತವೆ. ಫ್ರೈಗಿಶ್ ಧಾಟಿಯಲ್ಲಿ ಶಾರ್ಪ್ ಚಿಹ್ನೆ ಮೊದಲ ಸಲ ಹಾಕಿ ಆಮೇಲೆ ಬಿಟ್ಟಿರುತ್ತಾನೆ. ಅವನಿಗೆ ಗೊತ್ತಿದ್ದದ್ದನ್ನು ಅವನೇಕೆ ಬರೆದಾನು? ಪುನರಾವರ್ತನೆಯ ಗೀಟು ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ತಂತ್ರಾಂಶ ಅಪೂರ್ಣ ಖಂಡವನ್ನು ಕಂಡರೆ ತಾನೇ ವಿರಾಮ ತುಂಬಿಬಿಡುತ್ತದೆ, ನಕಲುಗಾರನಿಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಎರಡು ಕಡತ ಬೇಕು: ಒಂದು ಇದ್ದದ್ದು ಇದ್ದಂತೆ, ಇನ್ನೊಂದು ನುಡಿಸಲು ಸಂಪಾದಿಸಿದ್ದು. ಸಂಪಾದಿತ ಪ್ರತಿಯಲ್ಲಿ ಸೇರಿಸಿದ ಪ್ರತಿ ಚಿಹ್ನೆಯೂ ಆವರಣದೊಳಗೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೂಲ ಚಿತ್ರದೊಂದಿಗೆ ತಾಳೆ ನೋಡಬೇಕು. ಶೀರ್ಷಿಕೆಗಳು ಯಿಡ್ಡಿಷ್ ಕೈಬರಹದಲ್ಲಿ, ರಷ್ಯನ್ನಿನಲ್ಲಿ, ಕೆಲವೊಮ್ಮೆ ಎರಡು ಅಕ್ಷರದ ಸಂಕ್ಷೇಪದಲ್ಲಿ ಇರುತ್ತವೆ. ಸಂಗೀತ ಓದಬಲ್ಲವರಿಗೆ ಆ ಅಕ್ಷರ ಬಾರದು, ಅಕ್ಷರ ಬಲ್ಲವರಿಗೆ ಸಂಗೀತ ಬಾರದು. ತರಗತಿಯಲ್ಲಿ ಜೋಡಿ ಮಾಡುವಾಗ ಇದನ್ನು ನೋಡಿಕೊಂಡೇ ಮಾಡಬೇಕು. ಶೀರ್ಷಿಕೆ ಇಲ್ಲದ ಧಾಟಿಗೆ ‘ಫ್ರೈಲೆಖ್ಸ್’ ಎಂದು ಹೆಸರಿಡಬಾರದು, ‘ಹೆಸರಿಲ್ಲ’ ಎಂದೇ ಬರೆಯಬೇಕು.

ಪ್ರತಿ ಕಡತದ ಹೆಸರಿನಲ್ಲಿ ಹಸ್ತಪ್ರತಿಯ ಸಂಖ್ಯೆ, ಪುಟ, ಪುಟದಲ್ಲಿ ಎಷ್ಟನೇ ಧಾಟಿ ಎಂಬುದು ಇರಲೇಬೇಕು. 2022ರಿಂದ ಕೀವ್ ಮೇಲೆ ಕ್ಷಿಪಣಿಗಳು ಬೀಳುತ್ತಿವೆ, ಮೂಲ ಪುಟ ನೋಡಿಕೊಂಡು ಬರುತ್ತೇನೆಂದು ಹೊರಡುವ ಕಾಲ ಇದಲ್ಲ. ಸಂಖ್ಯೆ ಬಿಟ್ಟುಹೋದ ಧಾಟಿಯನ್ನು ಅದರ ಚಿತ್ರದ ಜೊತೆ ಮತ್ತೆ ಜೋಡಿಸಬೇಕೆಂದರೆ ಎಲ್ಲ ಪುಟಗಳನ್ನೂ ಮೊದಲಿನಿಂದ ಒಂದೊಂದಾಗಿ ತಿರುವುತ್ತ ಕೂರಬೇಕು.